ಅಕ್ಟೋಬರ್ 1ರ ಸಂಗೀತಕ್ಕಾಗಿ ಎರಡು ಯಂತ್ರಗಳ ದುರಸ್ತಿ

ವರ್ಷದ ಯಾವ ತಾರೀಖನ್ನು ತೆಗೆದುಕೊಂಡರೂ ಸಂಗೀತದ ಇತಿಹಾಸದಲ್ಲಿ ಒಂದಷ್ಟು ಜನನ, ಒಂದಷ್ಟು ಮರಣ, ನಾಲ್ಕಾರು ಬಿಡುಗಡೆಗಳು ಇದ್ದೇ ಇರುತ್ತವೆ. ಪಟ್ಟಿ ಮಾಡಿ ಓದಿದರೆ ಮರುದಿನಕ್ಕೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಮಡಿಕೇರಿಯ ನಮ್ಮ ಬೀದಿಯ ಕೆಲವು ಮನೆಯವರು ಸೇರಿ, ಒಂದೇ ತಾರೀಖಿಗೆ ಸೇರಿದ ಸಂಗೀತವನ್ನು ಒಂದು ಸಂಜೆ ಕುಳಿತು ಕೇಳೋಣ, ಅದನ್ನೂ ಆಯಾ ಕಾಲದ ಯಂತ್ರದಲ್ಲಿಯೇ ಕೇಳೋಣ ಎಂದು ನಿಶ್ಚಯಿಸಿದೆವು. ಯಂತ್ರಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಬಹುಕಾಲ ಮೂಲೆ ಸೇರಿದ್ದ ಒಂದು ರೆಕಾರ್ಡ್ ಪ್ಲೇಯರ್ ಮತ್ತು ಬಾಗಿಲು ತೆರೆಯಲೊಲ್ಲದ ಒಂದು ಸಿಡಿ ಪ್ಲೇಯರನ್ನು ಹಾಡುವ ಸ್ಥಿತಿಗೆ ತಂದ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ.

ತಾರೀಖಿನ ಆಯ್ಕೆಯಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಪಿ.ಬಿ. ಶ್ರೀನಿವಾಸ್ ಅವರು ಹುಟ್ಟಿದ ಸೆಪ್ಟೆಂಬರ್ 22 ಆಗಲಿ ಎಂದು ಕೆಲವರು ಬಯಸಿದರು. ಆ ಬೇಡಿಕೆ ನ್ಯಾಯವಾದದ್ದೇ, ಮುಂದಿನ ವರ್ಷಕ್ಕೆ ಅದನ್ನು ಕಾದಿರಿಸಿದ್ದೇವೆ. ನಾನು ಅಕ್ಟೋಬರ್ 1ಕ್ಕೆ ಪಟ್ಟು ಹಿಡಿದದ್ದಕ್ಕೆ ಕಾರಣವಿತ್ತು. 1906ರ ಅಕ್ಟೋಬರ್ 1ರಂದು ತ್ರಿಪುರದ ರಾಜಮನೆತನಕ್ಕೆ ಸೇರಿದ, ಮುಂದೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ಸಚಿನ್ ದೇವ್ ಬರ್ಮನ್ ಇಂದಿನ ಬಾಂಗ್ಲಾದೇಶದ ಕೊಮಿಲ್ಲಾದಲ್ಲಿ ಹುಟ್ಟಿದರು. ಹದಿಮೂರು ವರ್ಷಗಳ ನಂತರ, 1919ರ ಅದೇ ತಾರೀಖಿನಂದು, ಮುಂದೆ ಅವರ ಅನೇಕ ರಾಗಗಳಿಗೆ ಮಾತು ಕೊಟ್ಟ ಕವಿ ಮಜರೂಹ್ ಸುಲ್ತಾನ್‌ಪುರಿ ಹುಟ್ಟಿದರು. ಇಬ್ಬರೂ ಸೇರಿ ‘ಚಲ್ತೀ ಕಾ ನಾಮ್ ಗಾಡಿ’ (1958), ‘ಸುಜಾತಾ’ (1959), ‘ಅಭಿಮಾನ್’ (1973) ಮುಂತಾದ ಚಿತ್ರಗಳಿಗೆ ಹಾಡು ಕಟ್ಟಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಗೀತರಚನಕಾರರು ಮಜರೂಹ್. 1969ರ ಅಕ್ಟೋಬರ್ 1ರಂದು ಬೀಟಲ್ಸ್ ತಂಡದ ‘ಆ್ಯಬಿ ರೋಡ್’ ಅಮೆರಿಕದ ಅಂಗಡಿಗಳಿಗೆ ಬಂದಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಸಂಸ್ಥೆಯ ಸಿಡಿಪಿ-101 ಎಂಬ ಸಿಡಿ ಪ್ಲೇಯರ್ 1,68,000 ಯೆನ್ ಬೆಲೆಗೆ ಮಾರಾಟಕ್ಕೆ ಬಂದಿತು. ಅದರ ಜೊತೆಗೇ ಬಿಡುಗಡೆಯಾದ ಸಿಡಿಗಳ ಸಾಲಿನಲ್ಲಿ ಮೊದಲ ಸಂಖ್ಯೆ ಪಡೆದದ್ದು ಬಿಲ್ಲಿ ಜೋಯೆಲ್ ಅವರ ‘ಫಿಫ್ಟಿ ಸೆಕೆಂಡ್ ಸ್ಟ್ರೀಟ್’. ರೆಕಾರ್ಡ್ ಪ್ಲೇಟಿನಲ್ಲಿ ಬದುಕಿದ ಸಂಗೀತಗಾರರ ಹುಟ್ಟು ಮತ್ತು ಆ ಪ್ಲೇಟನ್ನು ಅಂಗಡಿಯಿಂದ ಹೊರಗಟ್ಟಿದ ಯಂತ್ರದ ಹುಟ್ಟು ಒಂದೇ ತಾರೀಖಿಗೆ ಬಂದು ಕುಳಿತಿರುವಾಗ, ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಕೇಳದೆ ಬಿಡುವುದು ಹೇಗೆ?

ಇಂತಹ ತಾರೀಖಿನ ಪಟ್ಟಿಗಳನ್ನು ಜರಡಿ ಹಿಡಿಯದೆ ಬಳಸಬಾರದೆಂಬುದು ನನ್ನ ಅಭಿಪ್ರಾಯ. ‘ಆ್ಯಬಿ ರೋಡ್’ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು ಸೆಪ್ಟೆಂಬರ್ 26ರಂದು. ಅಕ್ಟೋಬರ್ 1 ಅಮೆರಿಕದ ತಾರೀಖು. ಸಿಡಿಯ ಹುಟ್ಟುಹಬ್ಬವನ್ನು ಆಗಸ್ಟ್ 17ರಂದು ಆಚರಿಸುವವರೂ ಇದ್ದಾರೆ, ಏಕೆಂದರೆ 1982ರ ಆ ದಿನ ಜರ್ಮನಿಯ ಹ್ಯಾನೋವರ್ ಬಳಿಯ ಲಾಂಗೆನ್‌ಹಾಗೆನ್ ಕಾರ್ಖಾನೆಯಲ್ಲಿ ಸಿಡಿಗಳ ತಯಾರಿಕೆ ಆರಂಭವಾಗಿತ್ತು. ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕಿಂತ ಕೇಳುಗನ ಕೈ ಸೇರಿದ ದಿನವೇ ಹಾಡಿಗೆ ಮುಖ್ಯ ಎಂದು ಭಾವಿಸಿ ನಾನು ಮಾರಾಟದ ದಿನವನ್ನೇ ಹಿಡಿದೆ. ಗಾಯಕಿ, ನಟಿ ಜೂಲಿ ಆ್ಯಂಡ್ರೂಸ್ (1935) ಹಾಗೂ ಸೆನೆಗಲ್ ದೇಶದ ಯೂಸು ಎನ್‌ಡೂರ್ (1959) ಅವರ ಹುಟ್ಟುಹಬ್ಬಗಳೂ ಇದೇ ದಿನ ಬರುತ್ತವೆ; ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ ಮುಂದಾಳತ್ವದಲ್ಲಿ 1975ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಂಗೀತ ದಿನವೂ ಇದೇ. ಆ ಮೊದಲ ಸಂಗೀತ ದಿನ ಕಳೆದು ತಿಂಗಳು ತುಂಬುವಷ್ಟರಲ್ಲಿ, ಅಕ್ಟೋಬರ್ 31ರಂದು ಬರ್ಮನ್ ತೀರಿಕೊಂಡರು.

ರೆಕಾರ್ಡ್ ಪ್ಲೇಯರ್ ಸಿಕ್ಕಿದ್ದು ಸೇನೆಯಿಂದ ನಿವೃತ್ತರಾದ ನೆರೆಮನೆಯ ಅಜ್ಜನ ಬಳಿ. ಸೇವೆಯಲ್ಲಿದ್ದಾಗ ಊರೂರು ತಿರುಗುತ್ತಾ ಕೊಂಡ ಪ್ಲೇಟುಗಳು ಒಂದು ಕಬ್ಬಿಣದ ಟ್ರಂಕಿನಲ್ಲಿದ್ದವು. ‘ಅಭಿಮಾನ್’ ಎಲ್‌ಪಿ (ನಿಮಿಷಕ್ಕೆ 33⅓ ಸುತ್ತುವ ದೊಡ್ಡ ಪ್ಲೇಟು), ‘ಆ್ಯಬಿ ರೋಡ್’ ಎಲ್‌ಪಿ, ‘ಚಲ್ತೀ ಕಾ ನಾಮ್ ಗಾಡಿ’ಯ 78ರ ವೇಗದ, ಅಂದರೆ ನಿಮಿಷಕ್ಕೆ 78 ಸುತ್ತುವ, ಒಂದು ಅರಗಿನ ಪ್ಲೇಟು, ಎಲ್ಲವೂ ಅದರೊಳಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಟ್ರಂಕಿನೊಳಗೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹೊದಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಪ್ಲೇಟುಗಳ ಮೇಲೆ ಬಿಳಿಯ ಬೂಷ್ಟು ಚುಕ್ಕೆಚುಕ್ಕೆಯಾಗಿ ಹಬ್ಬಿತ್ತು. ಹಿಂದೆ ಮಳೆಗಾಲದಲ್ಲಿ ಬೀರುವಿನೊಳಗೆ ಸಣ್ಣ ಬಲ್ಬನ್ನು ಉರಿಸಿಟ್ಟು ರೇಷ್ಮೆ ಸೀರೆ, ಕ್ಯಾಮೆರಾ, ಪ್ಲೇಟುಗಳನ್ನು ಬೂಷ್ಟಿನಿಂದ ಕಾಪಾಡುತ್ತಿದ್ದರು. ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಬೆಳಕು ಉಳಿದು ಆ ಶಾಖ ಹೋಯಿತು.

ಯಂತ್ರದ ಪ್ಲಗ್ ತೆಗೆದು, ತಿರುಗುವ ತಟ್ಟೆಯನ್ನು ಮೇಲಕ್ಕೆತ್ತಿದಾಗ ರೋಗದ ಮೂಲ ಎದುರಿಗೇ ಕಂಡಿತು. ಈ ಬಗೆಯ ಪ್ಲೇಯರ್‌ಗಳಲ್ಲಿ ಮೋಟರಿನ ತುದಿಯಲ್ಲಿ ನಾಲ್ಕು ಮೆಟ್ಟಿಲುಗಳಿರುವ ಒಂದು ಹಿತ್ತಾಳೆಯ ಕಡ್ಡಿ ಇರುತ್ತದೆ. ಅದಕ್ಕೂ ತಟ್ಟೆಯ ಒಳ ಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ. ಯಾವ ಮೆಟ್ಟಿಲಿಗೆ ಚಕ್ರ ತಾಗುತ್ತದೆ ಎಂಬುದರ ಮೇಲೆ ವೇಗ 16, 33, 45 ಅಥವಾ 78 ಆಗುತ್ತದೆ. ನಮ್ಮ ಯಂತ್ರದ ಚಕ್ರದ ಅಂಚು ಒಣ ಅಡಿಕೆಯಷ್ಟು ಗಟ್ಟಿಯಾಗಿ, ಹೊಳಪು ಹೊಡೆದು, ಹಿಡಿತವನ್ನೇ ಕಳೆದುಕೊಂಡಿತ್ತು. ಸಣ್ಣ ಲಾಕ್ ಬಿಲ್ಲೆಯನ್ನು ತೆಗೆದು ಚಕ್ರವನ್ನು ಹೊರತೆಗೆದೆ. ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನುಣುಪಾದ ಉಪ್ಪುಕಾಗದದ ಮೇಲೆ ಸಮನಾಗಿ ತಿರುಗಿಸುತ್ತಾ ಹೊಳಪಿನ ಪದರ ಹೋಗಿ ಮಂದ ಕಪ್ಪು ಬಣ್ಣ ಬರುವವರೆಗೆ ಉಜ್ಜಿದೆ. ಒಂದೇ ಕಡೆ ಹೆಚ್ಚು ಉಜ್ಜಿದರೆ ಚಕ್ರದ ದುಂಡು ಕೆಟ್ಟು, ಪ್ರತಿ ಸುತ್ತಿಗೂ ಸ್ವರ ತೂಗಾಡತೊಡಗುತ್ತದೆ. ಆದ್ದರಿಂದ ಚಕ್ರವನ್ನು ಕಡ್ಡಿಗೆ ಸಿಕ್ಕಿಸಿ ಡ್ರಿಲ್ ಯಂತ್ರದಲ್ಲಿ ನಿಧಾನವಾಗಿ ತಿರುಗಿಸುತ್ತಾ ಉಜ್ಜುವುದು ಕ್ಷೇಮ.

ತಟ್ಟೆಯ ನಡುವಿನ ಅಕ್ಷದ ಗ್ರೀಸು ಮೇಣದಂತಾಗಿತ್ತು. ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೆರಡು ಹನಿಯಷ್ಟೇ ಬಿಟ್ಟೆ. ಮೋಟರಿನ ಎರಡೂ ತುದಿಯ ಬುಷ್‌ಗಳಿಗೂ ಅಷ್ಟೇ. ಎಣ್ಣೆ ಹೆಚ್ಚಾದರೆ ಅದು ಸಿಡಿದು ಮತ್ತೆ ರಬ್ಬರ್ ಚಕ್ರಕ್ಕೇ ತಾಗುತ್ತದೆ, ಉಜ್ಜಿದ ಶ್ರಮವೆಲ್ಲ ನೀರುಪಾಲಾಗುತ್ತದೆ. ಮೋಟರನ್ನು ಹೊತ್ತು ನಿಂತ ರಬ್ಬರ್ ಬಿಲ್ಲೆಗಳೂ ಗಟ್ಟಿಯಾಗಿದ್ದವು. ಅವು ಮೆತ್ತಗಿಲ್ಲದಿದ್ದರೆ ಮೋಟರಿನ ಗುಡುಗುಡು ಶಬ್ದ ನೇರವಾಗಿ ಮುಳ್ಳಿಗೆ ತಲುಪುತ್ತದೆ. ಅವುಗಳ ಬದಲಿಗೆ ಅಳತೆಗೆ ಹೊಂದುವ ಗ್ರಾಮೆಟ್‌ಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ.

ವೇಗವನ್ನು ಕಿವಿಯಿಂದ ಅಳೆಯಬಾರದು, ಕಣ್ಣಿನಿಂದ ಅಳೆಯಬೇಕು. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 33⅓ ಸುತ್ತುವ ತಟ್ಟೆಯ ಮೇಲೆ 180 ಕಪ್ಪು ಗೆರೆಗಳಿರುವ ದುಂಡು ಕಾಗದವನ್ನಿಟ್ಟರೆ, ವೇಗ ಸರಿಯಿದ್ದಾಗ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ; ನಿಧಾನವಾದರೆ ಹಿಂದಕ್ಕೂ, ಜೋರಾದರೆ ಮುಂದಕ್ಕೂ ಹರಿಯುತ್ತವೆ. 78ರ ವೇಗಕ್ಕೆ 77 ಗೆರೆ ಸಾಕು. ಬಹುತೇಕ ಎಲ್‌ಇಡಿ ಬಲ್ಬುಗಳಲ್ಲಿ ಈ ಮಿನುಗು ಸ್ಪಷ್ಟವಾಗಿರುವುದಿಲ್ಲ, ಆದ್ದರಿಂದ ಅಜ್ಜನ ದನದ ಕೊಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಟ್ಯೂಬ್‌ಲೈಟಿಗೆ ಮರ್ಯಾದೆ ಬಂದಿತು. ಚಕ್ರವನ್ನು ಉಜ್ಜುವ ಮೊದಲು ಗೆರೆಗಳು ಹಿಂದಕ್ಕೆ ಓಡುತ್ತಿದ್ದವು, ಲತಾ ಮಂಗೇಶ್ಕರ್ ಅವರ ಧ್ವನಿಯೂ ಅಷ್ಟರಮಟ್ಟಿಗೆ ಇಳಿದಿತ್ತು. ವೇಗ ಶೇಕಡಾ 6ರಷ್ಟು ತಗ್ಗಿದರೆ ಶ್ರುತಿ ಸುಮಾರು ಅರ್ಧ ಸ್ವರ ಕೆಳಗಿಳಿಯುತ್ತದೆ. ದುರಸ್ತಿಯ ನಂತರ ಗೆರೆಗಳು ಬಹುಮಟ್ಟಿಗೆ ನಿಂತವು. ಇನ್ವರ್ಟರಿನ ಮೇಲೆ ಇದೇ ಪರೀಕ್ಷೆ ಮಾಡುವುದು ವ್ಯರ್ಥ: ಮೋಟರಿಗೆ ಸಿಗುವ ವಿದ್ಯುತ್ತಿನ ಆವರ್ತನವೇ ಬೇರೆಯಾಗಿದ್ದರೆ ಗೆರೆಗಳೂ ದೀಪವೂ ಒಟ್ಟಿಗೇ ಸುಳ್ಳು ಹೇಳುತ್ತವೆ. ಸಾಲದ್ದಕ್ಕೆ ಚೌಕ ತರಂಗದ ಇನ್ವರ್ಟರುಗಳಲ್ಲಿ ಮೋಟರ್ ಗುಂಯ್‌ಗುಡುತ್ತದೆ.

ಹೆಚ್ಚು ತಾಳ್ಮೆ ಬೇಡಿದ್ದು ಮುಳ್ಳಿನ ಭಾಗ. ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಹಳೆಯ ಸೆರಾಮಿಕ್ ಕಾರ್ಟ್ರಿಜ್‌ನ ಒಳಗಿನ ರಬ್ಬರ್ ಕರಗಿ ಅಂಟಾಗಿತ್ತು, ತೋಳಿನ ತುದಿಯ ಸಣ್ಣ ಹಿಡಿಕೆಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಎರಡು ಮುಳ್ಳುಗಳಿರುವ ಹೊಸ ಸೆರಾಮಿಕ್ ಕಾರ್ಟ್ರಿಜ್ ಹಾಕಿದೆ. ಸಣ್ಣ ಕೀಲಿಯನ್ನು ತಿರುವಿದರೆ ಒಂದು ಮುಳ್ಳು ಎಲ್‌ಪಿಗೆ, ಇನ್ನೊಂದು 78ಕ್ಕೆ. ಅರಗಿನ ಪ್ಲೇಟಿನ ಗೀರು ಎಲ್‌ಪಿಯ ಗೀರಿಗಿಂತ ಮೂರು ಪಟ್ಟಿನಷ್ಟು ಅಗಲವಾದ್ದರಿಂದ ಎರಡಕ್ಕೂ ಒಂದೇ ಮುಳ್ಳು ಸಲ್ಲದು. ಕೂದಲಿನಂತಹ ನಾಲ್ಕು ತಂತಿಗಳನ್ನು ಜೋಡಿಸುವಾಗ ರೂಢಿಯ ಬಣ್ಣಗಳನ್ನೇ ಅನುಸರಿಸಿದೆ: ಎಡಕ್ಕೆ ಬಿಳಿ ಮತ್ತು ನೀಲಿ, ಬಲಕ್ಕೆ ಕೆಂಪು ಮತ್ತು ಹಸಿರು. ಹಿಡಿಕೆಯನ್ನು ಕಾರ್ಟ್ರಿಜ್‌ಗೆ ಸಿಕ್ಕಿಸಿಕೊಂಡೇ ಬೆಸುಗೆ ಹಾಕಬಾರದು. ಒಳಗಿನ ಸೆರಾಮಿಕ್ ತುಣುಕು ಶಾಖವನ್ನು ತಾಳುವುದಿಲ್ಲ. ಚಿನ್ನ ತೂಗುವ ಮಾದರಿಯ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ, ತೋಳಿನ ಸ್ಪ್ರಿಂಗನ್ನು ಹೊಂದಿಸಿ ಭಾರವನ್ನು 5 ಗ್ರಾಮಿಗೆ ನಿಲ್ಲಿಸಿದೆ.

ಮೊದಲ ಬಾರಿ ಹಚ್ಚಿದಾಗ ಧ್ವನಿ ತೀರಾ ತೆಳ್ಳಗಿತ್ತು, ತಬಲಾದ ಬಾಯಾ (ಎಡಗೈಯ, ದಪ್ಪ ಸ್ವರದ ಭಾಗ) ಇದ್ದೂ ಇಲ್ಲದಂತಿತ್ತು. ಇದು ಈ ಬಗೆಯ ಕಾರ್ಟ್ರಿಜ್‌ಗಳನ್ನು ಇಂದಿನ ಆಂಪ್ಲಿಫೈಯರಿಗೆ ನೇರವಾಗಿ ಸೇರಿಸಿದರೆ ಬರುವ ತೊಂದರೆ. ಸೆರಾಮಿಕ್ ತುಣುಕು ವಿದ್ಯುತ್ತಿನ ದೃಷ್ಟಿಯಿಂದ ಒಂದು ಕೆಪಾಸಿಟರ್. ಅದರ ಬೆಲೆ ಸುಮಾರು 800 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ, ಆಂಪ್ಲಿಫೈಯರಿನ 47 ಕಿಲೊಓಮ್ ರೋಧವಿರುವ ಆಕ್ಸ್ ದ್ವಾರಕ್ಕೆ ಸೇರಿಸಿದಾಗ ಸುಮಾರು 4,200 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳೆಲ್ಲ ಕ್ರಮೇಣ ಕುಗ್ಗುತ್ತವೆ, ಅಂದರೆ ಸಂಗೀತದ ಬಹುಪಾಲು ಸೋರಿಹೋಗುತ್ತದೆ. ರೋಧವನ್ನು 2.2 ಮೆಗಾಓಮ್‌ಗೆ ಏರಿಸಿದರೆ ಆ ಗಡಿ 90 ಹರ್ಟ್ಜ್‌ಗೆ ಇಳಿಯುತ್ತದೆ. ಹಾಗಾಗಿ ಟಿಎಲ್072 ಎಂಬ ಐಸಿಯನ್ನು ಬಳಸಿ ಕಾರ್ಟ್ರಿಜ್‌ಗೂ ಆಂಪ್ಲಿಫೈಯರಿಗೂ ನಡುವೆ ನಿಲ್ಲುವ ಒಂದು ಸಣ್ಣ ಬಫರ್ ಕಟ್ಟಿದೆ. ಅದರೊಳಗೆ ಎರಡು ಭಾಗಗಳಿರುವುದರಿಂದ ಎಡಕ್ಕೊಂದು ಬಲಕ್ಕೊಂದು ಸರಿಹೋಗುತ್ತದೆ. ಪ್ರತಿ ಭಾಗದ ಒಳದ್ವಾರದಿಂದ ನೆಲಕ್ಕೆ 2.2 ಮೆಗಾಓಮ್, ಹೊರದ್ವಾರದಲ್ಲಿ 100 ಓಮ್, ಇಷ್ಟೇ ಬಿಡಿಭಾಗ. ವಿದ್ಯುತ್ತಿಗೆ ಎರಡು 9 ವೋಲ್ಟ್ ಬ್ಯಾಟರಿಗಳು. ಅಡಾಪ್ಟರಿಗಿಂತ ಬ್ಯಾಟರಿ ಒಳ್ಳೆಯದು, ಏಕೆಂದರೆ ಇಷ್ಟು ಹೆಚ್ಚಿನ ರೋಧದ ದ್ವಾರ ಸುತ್ತಲಿನ ಗುಂಯ್ ಶಬ್ದವನ್ನೆಲ್ಲ ಹೀರಿಕೊಳ್ಳುತ್ತದೆ. ಅದೇ ಕಾರಣಕ್ಕೆ ಇಡೀ ಬಫರನ್ನು ತಗಡಿನ ಡಬ್ಬಿಯೊಳಗೆ ಕೂರಿಸಿ, ಡಬ್ಬಿಯನ್ನು ನೆಲದ ತಂತಿಗೆ ಸೇರಿಸಿದೆ. ಮತ್ತೆ ಹಚ್ಚಿದಾಗ ಬಾಯಾ ತನ್ನ ಜಾಗಕ್ಕೆ ಬಂದು ಕುಳಿತಿತು.

ಪ್ಲೇಟುಗಳನ್ನು ತೊಳೆಯಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿಕೊಂಡೆ. ಮೆತ್ತನೆಯ ಬ್ರಷ್ಷನ್ನು ಗೀರಿನ ದಿಕ್ಕಿನಲ್ಲಿಯೇ ಆಡಿಸಬೇಕು, ನಡುವಿನ ಲೇಬಲ್ ಒದ್ದೆಯಾಗಬಾರದು, ಕೊನೆಗೆ ಬರಿಯ ಡಿಸ್ಟಿಲ್ಡ್ ನೀರಿನಿಂದ ಜಾಲಾಡಿಸಿ ಅಡುಗೆಮನೆಯ ತಟ್ಟೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಹಟಮಾರಿ ಬೂಷ್ಟಿಗೆ ಎಲ್‌ಪಿಗಳ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಬಹುದು, ಆದರೆ ಅರಗಿನ ಪ್ಲೇಟಿಗೆ ಅದನ್ನು ಸೋಕಿಸಲೂ ಬಾರದು, ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಅರಗಿನ ಪ್ಲೇಟುಗಳು ನಮ್ಮ ದೇಶದಲ್ಲಿ ಬೇರೆಡೆಗಿಂತ ಹೆಚ್ಚು ಕಾಲ ಬಾಳಿದವು ಎಂಬುದನ್ನು ಇಲ್ಲಿ ಹೇಳಬೇಕು: ಬೀಟಲ್ಸ್ ತಂಡದ ಹಲವು ಹಾಡುಗಳು 1960ರ ದಶಕದಲ್ಲಿಯೂ ಭಾರತದಲ್ಲಿ 78ರ ವೇಗದ ಪ್ಲೇಟುಗಳಾಗಿ ಬಂದವು, ಇಂದು ಹೊರದೇಶದ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಬರುತ್ತಾರೆ. ಅಜ್ಜನ ಟ್ರಂಕಿನಲ್ಲಿ ಅಂತಹದ್ದೊಂದೂ ಇರಲಿಲ್ಲ.

ಸಿಡಿ ಪ್ಲೇಯರಿನ ದುರಸ್ತಿ ಬೇಗ ಮುಗಿಯಿತು. ಬಾಗಿಲು ತೆರೆಯದಿದ್ದುದಕ್ಕೆ ಕಾರಣ ತಟ್ಟೆಯನ್ನು ಎಳೆಯುವ ಸಣ್ಣ ರಬ್ಬರ್ ಬೆಲ್ಟ್ ಸಡಿಲವಾದದ್ದು; ಹೊಸದನ್ನು ಹಾಕಿದೆ. ಲೇಸರ್ ಕಣ್ಣು ಓಡಾಡುವ ಕಂಬಿಯ ಹಳೆಯ ಗ್ರೀಸನ್ನು ಒರೆಸಿ ಬಿಳಿಯ ಲಿಥಿಯಂ ಗ್ರೀಸು ಸವರಿದೆ, ಲೆನ್ಸಿನ ಮೇಲಿನ ಮಬ್ಬನ್ನು ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒತ್ತದೆ ಒರೆಸಿದೆ. ಪ್ಲಗ್ ತೆಗೆದೇ ಈ ಕೆಲಸ ಮಾಡಬೇಕು, ಏಕೆಂದರೆ ಅದರ ಲೇಸರ್ 780 ನ್ಯಾನೊಮೀಟರಿನದು, ಕಣ್ಣಿಗೆ ಬಹುತೇಕ ಕಾಣದೆ ಕಣ್ಣನ್ನು ಕೆಡಿಸುವಂತಹದು. ಮುಚ್ಚಳ ತೆಗೆದಿಟ್ಟು ತಿರುಗುವುದನ್ನು ಓರೆಯಿಂದ ನೋಡಿದರೆ ಎರಡು ಯಂತ್ರಗಳ ಸ್ವಭಾವದ ವ್ಯತ್ಯಾಸ ಗೊತ್ತಾಗುತ್ತದೆ: ಎಲ್‌ಪಿ ಒಂದೇ ವೇಗದಲ್ಲಿ ಸುತ್ತುತ್ತಾ ಅದರ ಮುಳ್ಳು ಹೊರ ಅಂಚಿನಿಂದ ಒಳಕ್ಕೆ ಸಾಗಿದರೆ, ಸಿಡಿಯ ಕಣ್ಣು ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಸಿಡಿಯ ವೇಗವೂ ನಿಮಿಷಕ್ಕೆ 500 ಸುತ್ತಿನಿಂದ 200ರ ಆಸುಪಾಸಿಗೆ ಇಳಿಯುತ್ತದೆ. ಆ ವೇಗವನ್ನು ನಿಯಂತ್ರಿಸುವುದು ಒಳಗಿನ ಸ್ಫಟಿಕದ ಗಡಿಯಾರವಾದ್ದರಿಂದ ಇನ್ವರ್ಟರಿನ ಮೇಲೂ ಶ್ರುತಿ ಕದಲುವುದಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಊರಿಗೆ ಇದೇನೂ ಸಣ್ಣ ಸೌಕರ್ಯವಲ್ಲ.

ಅಕ್ಟೋಬರ್ 1ರ ಸಂಜೆ ಮೊದಲು 78ರ ಪ್ಲೇಟು, ನಂತರ ‘ಅಭಿಮಾನ್’. ಒಂದೇ ದಿನ ಹುಟ್ಟಿದ ಇಬ್ಬರ ಹದಿನೈದು ವರ್ಷಗಳ ದುಡಿಮೆ ಒಂದು ಗಂಟೆಯೊಳಗೆ ಕಿವಿಗೆ ಬಿದ್ದಿತು. ಮೊದಲನೆಯದರಲ್ಲಿ ಚೇಷ್ಟೆ, ಎರಡನೆಯದರಲ್ಲಿ ರಾಗದ ಸಂಯಮ. ಆಮೇಲೆ ‘ಆ್ಯಬಿ ರೋಡ್’ ಎಲ್‌ಪಿಯ ಮೊದಲ ಬದಿ. ಆ ಬದಿಯ ಕೊನೆಯ ಹಾಡು ಏಳು ನಿಮಿಷ ಮೀರಿದ್ದು. ಒಂದೇ ಗಿಟಾರ್ ವರಸೆ ಮತ್ತೆ ಮತ್ತೆ ಸುತ್ತುತ್ತಾ, ಅದರ ಮೇಲೆ ಗಾಳಿಯಂತಹ ಶಬ್ದ ಏರುತ್ತಾ ಹೋಗಿ, ವರಸೆಯ ನಟ್ಟನಡುವೆ ಥಟ್ಟನೆ ನಿಂತುಬಿಡುತ್ತದೆ. ಜಾನ್ ಲೆನನ್ ಅವರ ಸೂಚನೆಯಂತೆ ಟೇಪನ್ನು ಅಲ್ಲಿಗೇ ಕತ್ತರಿಸಲಾಗಿತ್ತು. ನನ್ನ ಜೊತೆ ಬೆಸುಗೆ ಕೆಲಸಕ್ಕೆ ನಿಂತಿದ್ದ ಹುಡುಗ ಕೂಡಲೇ ಎದ್ದು ಬಫರಿನ ಡಬ್ಬಿಗೆ ಕೈ ಹಾಕಿ, “ಅಣ್ಣ, ಎಂತ ಆಯ್ತು? ವಯರ್ ಕಿತ್ತು ಬಂತಾ?” ಎಂದ. ಅಜ್ಜ ನಕ್ಕರು, ಅವರು ಆ ನಿಲುಗಡೆಯನ್ನು ಬಲ್ಲವರು. ಮುಳ್ಳು ಇನ್ನೂ ಖಾಲಿ ಗೀರಿನಲ್ಲಿ ಕರಕರ ಎನ್ನುತ್ತಿತ್ತು, ಪ್ಲೇಟನ್ನು ಮಗುಚಲು ಯಾರಾದರೂ ಎದ್ದು ಹೋಗಲೇಬೇಕಿತ್ತು, ಅಷ್ಟು ಹೊತ್ತೂ ಕೋಣೆಯಲ್ಲಿ ಆ ಕತ್ತರಿಸಿದ ಗಾಯ ಹಾಗೆಯೇ ಇತ್ತು.

ಬಳಿಕ ಅದೇ ಭಾಗವನ್ನು ಸಿಡಿಯಲ್ಲಿ ಹಾಕಿದೆ. ಹಾಡು ಅದೇ ಜಾಗದಲ್ಲಿ ತುಂಡಾಯಿತು, ಆದರೆ ಒಂದೆರಡು ಸೆಕೆಂಡಿನಲ್ಲಿ ಜಾರ್ಜ್ ಹ್ಯಾರಿಸನ್ ಅವರ ಬೆಳಗಿನಂತಹ ಗಿಟಾರ್ ಹಾಡು ಆರಂಭವಾಗಿ ಎಲ್ಲವನ್ನೂ ಸಮಾಧಾನಪಡಿಸಿಬಿಟ್ಟಿತು. ಸಿಡಿಗೆ ಮಗುಚುವ ಬದಿಯೇ ಇಲ್ಲ. 1969ರಲ್ಲಿ ಎರಡು ಬದಿಯೆಂದು ಯೋಚಿಸಿ ಜೋಡಿಸಿದ್ದನ್ನು 1982ರ ಯಂತ್ರ ಒಂದೇ ಎಳೆಯಾಗಿ ನುಡಿಸುತ್ತದೆ. ಶಬ್ದ ಶುಭ್ರವಾಗಿದೆ, ಕರಕರ ಇಲ್ಲ, ಆದರೆ ಆ ನಿಲುಗಡೆಗೆ ಇದ್ದ ಕೆಲಸ ತಪ್ಪಿಹೋಗಿದೆ. ಕೇಳಲು ಬಂದವರಲ್ಲಿ ಬಹುಮಂದಿಗೆ ಸಿಡಿಯೇ ಹಿಡಿಸಿತು. ನನ್ನ ಮತ ಎಲ್‌ಪಿಗೆ. ಎರಡನೆಯ ಬದಿಯ ತುದಿಯಲ್ಲಿ, ಎಲ್ಲ ಮುಗಿಯಿತೆಂದುಕೊಂಡ ಮೇಲೆ ಬರುವ ಅರ್ಧ ನಿಮಿಷಕ್ಕೂ ಕಡಿಮೆಯ ಪುಟ್ಟ ಹಾಡು ಮೊದಲ ಮುದ್ರಣದ ಹೊದಿಕೆಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಸಿಡಿ ಪ್ಲೇಯರಿನ ಅಂಕೆಗಳ ಕಿಟಕಿ ಮಾತ್ರ ಆ ಗುಟ್ಟನ್ನು ಮೊದಲೇ ಬಿಟ್ಟುಕೊಡುತ್ತದೆ.

ಬಾಕಿ ಉಳಿದ ಕೆಲಸಗಳಿವೆ. 78ರ ವೇಗದಲ್ಲಿ ಗೆರೆಗಳು ಇನ್ನೂ ತುಸು ಹಿಂದಕ್ಕೆ ಹರಿಯುತ್ತವೆ. ಚಕ್ರವನ್ನು ತಟ್ಟೆಗೆ ಒತ್ತುವ ಸ್ಪ್ರಿಂಗ್ ಸೋತಿರುವಂತಿದೆ, ಅದನ್ನು ಬದಲಿಸಬೇಕು. ತಾನಾಗಿ ನಿಲ್ಲುವ ಲಿವರ್ ಆಗಾಗ ಕೊನೆಯ ಹಾಡಿಗೆ ಮೊದಲೇ ತೋಳನ್ನು ಎತ್ತುತ್ತದೆ, ಸದ್ಯಕ್ಕೆ ಅದರ ಕೊಂಡಿ ಕಳಚಿಟ್ಟಿದ್ದೇನೆ. ಪ್ಲೇಟುಗಳು ಟ್ರಂಕಿಗೆ ಹಿಂದಿರುಗಿಲ್ಲ. ಹೊಸ ಒಳಹೊದಿಕೆಗಳಲ್ಲಿ, ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ. ಬಣ್ಣ ಬದಲಿಸುವ ಜೆಲ್ ಆದ್ದರಿಂದ ತೇವ ಕುಡಿದದ್ದು ನೋಡಿದೊಡನೆ ತಿಳಿಯುತ್ತದೆ, ಆಗ ಅವುಗಳ ಕಾಳುಗಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ ಮತ್ತೆ ತುಂಬಿದರಾಯಿತು. ಆ ಬಾಣಲೆಯನ್ನು ಮಾತ್ರ ಅಡುಗೆಗೆ ಬಳಸಬಾರದು.